ಒಂದು ತುಕಡಿ, ಒಂದು ದಿನ: ಸೇನಾ ಇತಿಹಾಸ ಬರೆದು ಅಚ್ಚು ಹಾಕಿಸುವ ಬಗೆ

1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದ ಭಾರತೀಯ ವಾಯುಪಡೆಯ ಮಿಸ್ತೇರ್ ವಿಮಾನಗಳಲ್ಲಿ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ ಅವರದೂ ಒಂದು. ಅದು ವಾಪಸಾಗಲಿಲ್ಲ. ಏನಾಯಿತೆಂದು ಹೇಳಲು ಈ ಕಡೆ ಯಾರೂ ಇರಲಿಲ್ಲ. ತಮ್ಮ ವಿಮಾನಕ್ಕಿಂತ ಎಷ್ಟೋ ವೇಗದ ಎಫ್-104 ಸ್ಟಾರ್‌ಫೈಟರ್ ಒಂದನ್ನು ಅವರು ಹೊಡೆದುರುಳಿಸಿದ್ದರು ಎಂಬುದು ಭಾರತಕ್ಕೆ ತಿಳಿದದ್ದು 1979ರಲ್ಲಿ. ಅದೂ ಪಾಕಿಸ್ತಾನಿ ವಾಯುಪಡೆಯ ನೆರವು ಪಡೆದು ಬ್ರಿಟಿಷ್ ಲೇಖಕರೊಬ್ಬರು ಬರೆದ ಪುಸ್ತಕದಿಂದ. ಮರಣೋತ್ತರ ಮಹಾವೀರ ಚಕ್ರ ಬಂದದ್ದು 1988ರಲ್ಲಿ.

ಸೇನಾ ಇತಿಹಾಸ ಬರೆಯಲು ಕೂರುವವರು ಈ ಒಂದು ಪ್ರಕರಣವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು, ಅರ್ಧ ಕೆಲಸ ಸಲೀಸು. ನಮ್ಮ ಕಡೆಯ ಕಡತದಲ್ಲಿ ಇರುವುದು ಅರ್ಧ ಕಥೆ. ಉಳಿದರ್ಧ ಎದುರಾಳಿಯ ಕಡತದಲ್ಲೋ, ಯಾರದೋ ಮನೆಯ ಟ್ರಂಕಿನಲ್ಲೋ ಇರುತ್ತದೆ. ಕನ್ನಡದಲ್ಲಿ ವೀರಗಾಥೆಗಳಿಗೆ ಬರವಿಲ್ಲ. ಬರ ಇರುವುದು 'ಈ ವಾಕ್ಯ ಎಲ್ಲಿಂದ ಬಂತು?' ಎಂದು ಕೇಳಿದರೆ ಉತ್ತರ ಕೊಡಬಲ್ಲ ಪುಸ್ತಕಗಳಿಗೆ. ಕಾರ್ಗಿಲ್ ಬಗ್ಗೆ ಇನ್ನೂರು ಪುಟ ಬರೆದುಕೊಡು ಎಂದರೆ ಇವತ್ತು ಕಂಪ್ಯೂಟರೇ ಸಂಜೆಯೊಳಗೆ ಬರೆದುಕೊಡುತ್ತದೆ. ಹಾಗಾಗಿ ಗೊತ್ತಿದ್ದ ಯುದ್ಧವನ್ನೇ ಮತ್ತೆ ರೋಚಕವಾಗಿ ಹೇಳುವ ಪುಸ್ತಕಕ್ಕೆ ಮುಂದೆ ಬೆಲೆ ಇರುವುದಿಲ್ಲ. ಬೆಲೆ ಇರುವುದು ಚಿಕ್ಕ ವಿಷಯ ಹಿಡಿದು, ಪ್ರತಿ ಸಂಗತಿಗೂ ಆಧಾರ ಕಟ್ಟಿದ ಪುಸ್ತಕಕ್ಕೆ. ಅಂಥದ್ದನ್ನು ಮಾಡುವ ಬಗೆ ಇಲ್ಲಿದೆ.

ವಿಷಯವನ್ನು ಎಷ್ಟು ಚಿಕ್ಕದು ಮಾಡಬೇಕು

'ಎರಡನೇ ಮಹಾಯುದ್ಧದಲ್ಲಿ ಕನ್ನಡಿಗರು' ಎಂಬುದು ವಿಷಯವಲ್ಲ, ಜೀವಮಾನದ ಸಾಲ. ಒಂದು ತುಕಡಿಯ ಒಂದು ದಿನ, ಒಂದು ಊರಿನಿಂದ ಸೇನೆಗೆ ಹೋದವರೆಲ್ಲರ ಪಟ್ಟಿ, ಒಬ್ಬ ಹವಾಲ್ದಾರರ ಪತ್ರಗಳ ಕಟ್ಟು: ಇವು ವಿಷಯಗಳು. ವಿಷಯ ನಿಲ್ಲುತ್ತದೋ ಇಲ್ಲವೋ ನೋಡಲು ಒಂದು ಪರೀಕ್ಷೆ ಇದೆ. ಒಂದರಿಂದ ಒಂದು ನಕಲಾಗದ ಮೂರು ಬಗೆಯ ಆಧಾರ ಸಿಗುತ್ತದೆಯೇ ನೋಡಿ: ಆ ದಿನವೇ ಬರೆದ ದಾಖಲೆ, ಎದುರಾಳಿಯ ಅಥವಾ ಪಕ್ಕದ ತುಕಡಿಯ ದಾಖಲೆ, ವ್ಯಕ್ತಿಗಳ ಬಳಿ ಉಳಿದ ಕಾಗದ ಇಲ್ಲವೇ ನೆನಪು. ಎರಡೇ ಸಿಕ್ಕರೆ ಲೇಖನ ಬರೆಯಿರಿ. ಒಂದೇ ಸಿಕ್ಕರೆ ಅದನ್ನು ಸಂಪಾದಿಸಿ ಹಾಗೆಯೇ ಪ್ರಕಟಿಸಿ. ಅದರ ಮೇಲೆ ಇತಿಹಾಸದ ಮಾಳಿಗೆ ಕಟ್ಟಬೇಡಿ.

ಮೈಸೂರು ಲ್ಯಾನ್ಸರ್ಸ್‌ (ಮೈಸೂರು ಮಹಾರಾಜರ ಕುದುರೆ ಪಡೆ) ಉದಾಹರಣೆ ತೆಗೆದುಕೊಳ್ಳಿ. 1918ರ ಸೆಪ್ಟೆಂಬರ್ 23ರಂದು ತುರ್ಕಿಯ ಕೈಯಿಂದ ಹೈಫಾ ಪಟ್ಟಣ (ಈಗ ಇಸ್ರೇಲಿನಲ್ಲಿದೆ) ಹಿಡಿದ 15ನೇ ಇಂಪೀರಿಯಲ್ ಸರ್ವಿಸ್ ಅಶ್ವದಳ ಬ್ರಿಗೇಡಿನಲ್ಲಿ ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್‌ ಇದ್ದರು. ನಮ್ಮಲ್ಲಿ ಆ ದಿನದ ಬಗ್ಗೆ ಬರುವ ಬರಹಗಳಲ್ಲಿ ಎರಡೂ ರೆಜಿಮೆಂಟುಗಳು ಒಟ್ಟಿಗೆ ಈಟಿ ಹಿಡಿದು ನುಗ್ಗಿದವು ಎಂಬಷ್ಟೇ ಇರುತ್ತದೆ. ಕಿಶೋನ್ ಹೊಳೆಯ ಬದಿಯಿಂದ ಯಾರು ಹೋದರು, ಕಾರ್ಮೆಲ್ ಗುಡ್ಡದ ಮೇಲಿನ ಫಿರಂಗಿಗಳ ಕಡೆಗೆ ಯಾರು ಹತ್ತಿದರು, ಯಾವ ಸ್ಕ್ವಾಡ್ರನ್ (ರೆಜಿಮೆಂಟಿನ ಒಂದು ಭಾಗ) ಎಲ್ಲಿ ಮೆಷಿನ್ ಗನ್ ಇಟ್ಟು ರಕ್ಷಣೆಗೆ ನಿಂತಿತು ಎಂದು ಬಿಡಿಸಿ ಹೇಳಿದರೆ ಅದೇ ಒಂದು ಹೊಸ ಪುಸ್ತಕ. ಈ ವಿಷಯಕ್ಕೆ ಒಂದರಿಂದ ಒಂದು ನಕಲಾಗದ ಮೂರು ಆಧಾರಗಳಿವೆ. ಬ್ರಿಗೇಡಿನ ಯುದ್ಧ ದಿನಚರಿ (ಪಡೆ ದಿನದಿನದ ಸಂಗತಿ ಬರೆದಿಟ್ಟ ಕಡತ) ಲಂಡನ್ನಿನ ಕ್ಯೂನಲ್ಲಿರುವ ಬ್ರಿಟಿಷ್ ರಾಷ್ಟ್ರೀಯ ಪತ್ರಾಗಾರದ ಡಬ್ಲ್ಯು.ಓ. 95 ಸರಣಿಯಲ್ಲಿದೆ. ಲ್ಯಾನ್ಸರ್ಸ್‌ ಮಹಾರಾಜರ ಸರ್ಕಾರದ ಪಡೆಯಾದ್ದರಿಂದ ಸಂಬಳ, ನೇಮಕಾತಿ, ಕುದುರೆ ಖರೀದಿಯ ಲೆಕ್ಕಗಳನ್ನು ಮೈಸೂರು ಸಂಸ್ಥಾನದ ವಾರ್ಷಿಕ ಆಡಳಿತ ವರದಿಗಳಲ್ಲೂ ಕರ್ನಾಟಕ ರಾಜ್ಯ ಪತ್ರಾಗಾರದಲ್ಲೂ ಹುಡುಕಬೇಕು. ಮೂರನೆಯದು ತುರ್ಕಿ ಮತ್ತು ಜರ್ಮನ್ ಕಡೆಯದು.

ಶುರು ಮನೆಯಿಂದ

ಪತ್ರಾಗಾರಕ್ಕೆ ಓಡುವ ಮೊದಲು ಸೈನಿಕರ ಮನೆಯಲ್ಲಿರುವುದನ್ನು ನೋಡಿ. ಮೂರು ವಸ್ತುಗಳು ಮುಖ್ಯ.

ಪದಕ. ಗುಂಡನೆಯ ಪದಕವಾದರೆ ಮುಖ ನೋಡುವುದಕ್ಕಿಂತ ಅಂಚು ನೋಡುವುದು ಲಾಭ. ಅಂಚನ್ನು ಬೆಳಕಿಗೆ ಓರೆಯಾಗಿ ಹಿಡಿದು ನಿಧಾನ ತಿರುಗಿಸಿದರೆ ಸೈನಿಕ ಸಂಖ್ಯೆ, ಹುದ್ದೆ, ಹೆಸರು, ರೆಜಿಮೆಂಟು ಕೆತ್ತಿರುವುದು ಕಾಣುತ್ತದೆ. ನಕ್ಷತ್ರಾಕಾರದ 1914–15ರ ಸ್ಟಾರ್ ಪದಕವಾದರೆ ಇವು ಹಿಂಬದಿಯಲ್ಲಿರುತ್ತವೆ. ಮೊಬೈಲಿನ ಟಾರ್ಚನ್ನು ಪಕ್ಕದಿಂದ ಬೀಳಿಸಿ ಫೋಟೊ ತೆಗೆಯಿರಿ, ಎದುರಿನಿಂದ ಫ್ಲ್ಯಾಶ್ ಹಾಕಿದರೆ ಅಕ್ಷರ ಅಳಿಸಿಹೋಗುತ್ತದೆ. ಮನೆಯವರು ಹುಣಸೆಹಣ್ಣು, ಪೀತಾಂಬರಿ ಹಾಕಿ ಉಜ್ಜಲು ಹೊರಟರೆ ಕೈ ಹಿಡಿದು ತಡೆಯಿರಿ. ಪ್ರತಿ ಉಜ್ಜುವಿಕೆಗೂ ಅಂಚಿನ ಅಕ್ಷರ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಮತ್ತೊಂದು ಎಚ್ಚರಿಕೆ: ಒಂದೇ ರಿಬ್ಬನ್ನಿನ ಸಾಲಿನಲ್ಲಿರುವ ಪದಕಗಳೆಲ್ಲ ಒಬ್ಬರದೇ ಎಂದುಕೊಳ್ಳಬೇಡಿ. ಅಜ್ಜನದೂ ಚಿಕ್ಕಪ್ಪನದೂ ಒಟ್ಟಿಗೆ ಹೊಲಿದು ಫ್ರೇಮು ಹಾಕಿಸಿರುವುದು ಬಹಳ ಕಡೆ ಉಂಟು.

ಡಿಸ್ಚಾರ್ಜ್ ಬುಕ್, ಅಂದರೆ ಸೇವೆ ಮುಗಿದಾಗ ಸೇನೆ ಕೊಡುವ ಪುಸ್ತಕ. ಸೇರಿದ ದಿನ, ಬಿಟ್ಟ ದಿನ, ಯಾವ ಯಾವ ಯೂನಿಟ್ಟು, ಯಾವ ಪದಕ ಎಂಬುದೆಲ್ಲ ಇದರಲ್ಲಿರುತ್ತದೆ. 'ನಮ್ಮಪ್ಪ ಬರ್ಮಾದಲ್ಲಿ ಜಪಾನಿನವರ ಜೊತೆ ಹೊಡೆದಾಡಿದ್ರು' ಎನ್ನುವ ಮನೆಮಾತು ನಿಜವೋ ಅಲ್ಲವೋ ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಇದರಲ್ಲಿರುವ ಜನ್ಮದಿನವನ್ನು ಮಾತ್ರ ನಂಬಬೇಡಿ. ಭರ್ತಿಯಾಗಲು ವಯಸ್ಸು ಹೆಚ್ಚು ಕಡಿಮೆ ಹೇಳುವುದು ಮಾಮೂಲಿ ಸಂಗತಿಯಾಗಿತ್ತು.

ಫೋಟೊ ಮತ್ತು ಪತ್ರ. ಫೋಟೊಗಳನ್ನು 600 ಡಿಪಿಐನಲ್ಲಿ, ಪತ್ರಗಳನ್ನು 400ರಲ್ಲಿ, ಟಿಫ್ ರೂಪದಲ್ಲಿ ಸ್ಕ್ಯಾನ್ ಮಾಡಿ. ಹಿಂಬದಿಯನ್ನೂ ಮಾಡಿ, ಸ್ಟುಡಿಯೊ ಮೊಹರು, ಪೆನ್ಸಿಲ್ಲಿನಲ್ಲಿ ಬರೆದ ಊರು, ಇಸವಿ ಇರುವುದು ಅಲ್ಲೇ. ಆಲ್ಬಮ್ಮಿಗೆ ಅಂಟಿಸಿದ ಚಿತ್ರವನ್ನು ಕಿತ್ತರೆ ಹರಿಯುವುದು ಗ್ಯಾರಂಟಿ, ಪುಟವನ್ನೇ ಸ್ಕ್ಯಾನ್ ಮಾಡಿ. ಮೂಲವನ್ನು ಅಂದೇ ಮನೆಯವರಿಗೆ ವಾಪಸು ಕೊಡಿ. 'ಒಂದು ವಾರದಲ್ಲಿ ತಂದುಕೊಡ್ತೀನಿ' ಎಂದು ಒಯ್ದವರ ಕಥೆ ಪ್ರತಿ ಊರಲ್ಲೂ ಒಂದಿದೆ, ಆಮೇಲೆ ಬರುವವರಿಗೆ ಬಾಗಿಲು ತೆರೆಯುವುದಿಲ್ಲ.

ಯಾವ ಕಡತ ಎಲ್ಲಿ

1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31, ಮತ್ತು 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31, ಈ ಅವಧಿಯಲ್ಲಿ ಸತ್ತ ಸೈನಿಕರ ಹೆಸರು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಉಚಿತವಾಗಿ ಹುಡುಕಲು ಸಿಗುತ್ತದೆ. ಎಷ್ಟೋ ಸಲ ತಂದೆಯ ಹೆಸರು, ಊರು, ಜಿಲ್ಲೆಯೂ ಇರುತ್ತದೆ. ಹೆಸರು ಹಾಕಿ ಹುಡುಕುವವರು ಬರಿಗೈಲಿ ಬರುತ್ತಾರೆ, ಏಕೆಂದರೆ ನಮ್ಮ ಹೆಸರುಗಳನ್ನು ಇಂಗ್ಲಿಷ್ ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಬರೆದಿದ್ದಾರೆ. ಸರಿಯಾದ ದಾರಿ ರೆಜಿಮೆಂಟು ಮತ್ತು ದಿನಾಂಕದ ವ್ಯಾಪ್ತಿ ಕೊಟ್ಟು ಪೂರ್ತಿ ಪಟ್ಟಿ ಇಳಿಸಿಕೊಂಡು, ಸಾಲು ಸಾಲಾಗಿ ಕಣ್ಣಾಡಿಸುವುದು. ಸ್ವಾತಂತ್ರ್ಯಾನಂತರ ಮಡಿದವರ ಹೆಸರು ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ಗೋಡೆಗಳ ಮೇಲಿದೆ.

ದೆಹಲಿಯ ಜನಪಥದಲ್ಲಿರುವ ರಾಷ್ಟ್ರೀಯ ಪತ್ರಾಗಾರದ ಕಡತಸೂಚಿಯನ್ನು 'ಅಭಿಲೇಖ ಪಟಲ' ಜಾಲತಾಣದಲ್ಲಿ ಮನೆಯಿಂದಲೇ ನೋಡಬಹುದು, ಡಿಜಿಟಲ್ ಆದ ಕಡತಗಳನ್ನು ಅಲ್ಲೇ ಓದಬಹುದು. ಇಂಗ್ಲಿಷ್ ಆಳ್ವಿಕೆಯ ಸೇನಾ ಇಲಾಖೆಯ ಪತ್ರಗಳಿಗೆ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹ ಬೇಕಾಗುತ್ತದೆ. ರೆಜಿಮೆಂಟಲ್ ಸೆಂಟರ್‌ಗಳಲ್ಲಿ (ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್, ಬೆಳಗಾವಿಯ ಮರಾಠಾ ಲಘು ಪದಾತಿ ದಳ) ತಮ್ಮದೇ ಸಂಗ್ರಹಗಳಿರುತ್ತವೆ. ಅಲ್ಲಿಗೆ ಬರೆಯುವಾಗ 'ನಿಮ್ಮ ಇತಿಹಾಸ ಕೊಡಿ' ಎನ್ನದೆ ಇಂಥ ಬೆಟಾಲಿಯನ್, ಇಂಥ ತಿಂಗಳು, ಇಂಥ ಕಾಗದ ಎಂದು ಕೇಳಿ. ಹಳೆಯ ರೆಜಿಮೆಂಟು ಇವತ್ತು ಬೇರೆ ಹೆಸರಿನಲ್ಲಿರಬಹುದು ಎಂಬುದನ್ನೂ ಮರೆಯಬೇಡಿ. ಮೈಸೂರು ಲ್ಯಾನ್ಸರ್ಸ್‌ ಬೇರೆ ಸಂಸ್ಥಾನಗಳ ಕುದುರೆ ಪಡೆಗಳ ಜೊತೆ 61ನೇ ಕ್ಯಾವಲ್ರಿಯಲ್ಲಿ ಸೇರಿಹೋಯಿತು.

1947ರ ನಂತರದ ಯುದ್ಧಗಳ ಕಡತ ಸಿಗುವುದೇ ಕಷ್ಟ. 1962ರ ಸೋಲಿನ ಬಗ್ಗೆ ಮರುವರ್ಷವೇ ತಯಾರಾದ ಹೆಂಡರ್ಸನ್ ಬ್ರೂಕ್ಸ್–ಭಗತ್ ವರದಿಯನ್ನು ಸರ್ಕಾರ ಇವತ್ತಿಗೂ ಬಿಡುಗಡೆ ಮಾಡಿಲ್ಲ. 2014ರಲ್ಲಿ ಅದರ ಒಂದು ಭಾಗ ಅಂತರ್ಜಾಲಕ್ಕೆ ಬಂದದ್ದು ವಿದೇಶಿ ಪತ್ರಕರ್ತರೊಬ್ಬರಿಂದ. ಆಶೆಗೆ ಕಾರಣವಾದದ್ದು 2021ರ ಜೂನ್‌ನಲ್ಲಿ ರಕ್ಷಣಾ ಸಚಿವಾಲಯ ತಂದ ನೀತಿ. ಯುದ್ಧ ದಿನಚರಿಗಳಂಥ ದಾಖಲೆಗಳನ್ನು ಸೇನೆಗಳು ಸಚಿವಾಲಯದ ಇತಿಹಾಸ ವಿಭಾಗಕ್ಕೆ ಒಪ್ಪಿಸಬೇಕು, ಸಾಮಾನ್ಯವಾಗಿ 25 ವರ್ಷಕ್ಕೆ ಗೋಪ್ಯತೆ ತೆಗೆಯಬೇಕು, ಪರಿಶೀಲಿಸಿ ರಾಷ್ಟ್ರೀಯ ಪತ್ರಾಗಾರಕ್ಕೆ ಕಳಿಸಬೇಕು ಎನ್ನುತ್ತದೆ ಅದು. ಕಾಗದದ ಮೇಲೆ ಚೆನ್ನಾಗಿದೆ, ಕಡತ ಕೈಗೆ ಸಿಗುವುದು ಬೇರೆ ಮಾತು. ಈ ನಡುವೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು, ಶುಲ್ಕ 10 ರೂಪಾಯಿ. 'ಕಾರ್ಯಾಚರಣೆಯ ವಿವರ ಕೊಡಿ' ಎಂದರೆ ದೇಶದ ಭದ್ರತೆಯ 8(1)(ಎ) ಕಲಮು ತೋರಿಸಿ ತಳ್ಳಿಹಾಕುತ್ತಾರೆ. ಒಬ್ಬ ಸೈನಿಕರ ಪ್ರಶಸ್ತಿಯ ಗೆಜೆಟ್ ದಿನಾಂಕ, ಸ್ಮಾರಕಕ್ಕೆ ಜಾಗ ಮಂಜೂರಾದ ಆದೇಶ, ಊರಿನ ನಿವೃತ್ತ ಸೈನಿಕರ ಸಂಖ್ಯೆ, ಇಂಥ ಪ್ರಶ್ನೆಗಳಿಗೆ ಉತ್ತರ ಬರುವ ಸಾಧ್ಯತೆ ಹೆಚ್ಚು.

ಯುದ್ಧ ದಿನಚರಿ ಓದುವುದು

ಮೊದಲ ಮಹಾಯುದ್ಧದ ದಿನಚರಿಗಳು ಸಿ.2118 ಎಂಬ ನಮೂನೆಯಲ್ಲಿರುತ್ತವೆ. ಎಡಗಡೆ ಸ್ಥಳ, ದಿನಾಂಕ, ಗಂಟೆ. ನಡುವೆ ಘಟನೆಗಳ ಸಾರಾಂಶ. ಬಲಗಡೆ ಷರಾ ಮತ್ತು ಅನುಬಂಧದ ಸಂಖ್ಯೆ. ಹೊಸಬರು ನಡುವಿನ ಅಂಕಣ ಮಾತ್ರ ಓದಿ ಮುಚ್ಚಿಬಿಡುತ್ತಾರೆ. ಅನುಬಂಧಗಳಲ್ಲೇ ಮೂಲ ಆದೇಶ, ಸಂದೇಶದ ಚೀಟಿ, ಕೈಯಲ್ಲಿ ಬರೆದ ನಕ್ಷೆ ಇರುವುದು. ಆದೇಶ ಏನಿತ್ತು, ನಡೆದದ್ದು ಏನು ಎಂಬುದರ ನಡುವಿನ ಅಂತರವೇ ನಿಮ್ಮ ಅಧ್ಯಾಯದ ಜೀವ, ಅದು ಅನುಬಂಧ ಓದದೆ ಸಿಗುವುದಿಲ್ಲ.

ದಿನಚರಿಯನ್ನು ಬರೆದದ್ದು ಯುದ್ಧದ ನಡುವೆ ಅಲ್ಲ, ಗಲಾಟೆ ಮುಗಿದ ಮೇಲೆ, ಅಡ್ಜುಟೆಂಟ್ (ಪಡೆಯ ಕಚೇರಿ ಕೆಲಸ ನೋಡುವ ಅಧಿಕಾರಿ) ಕೂತು. ಹೊಡೆದಾಟದ ದಿನ ಎರಡೇ ಸಾಲು, ಸುಮ್ಮನಿದ್ದ ದಿನ ಒಂದು ಪುಟ ಇರುವುದು ಅದಕ್ಕೇ. ಒಂದೇ ಶಾಯಿ, ಒಂದೇ ಕೈಬರಹದಲ್ಲಿ ಇಡೀ ವಾರ ಬರೆದಿದ್ದರೆ ಅದು ನೆನಪಿನಿಂದ ತುಂಬಿಸಿದ್ದು ಎಂದು ಟಿಪ್ಪಣಿ ಹಾಕಿಕೊಳ್ಳಿ. ಇಂಗ್ಲಿಷ್ ಅಧಿಕಾರಿಗಳ ಹೆಸರು ಪೂರ್ತಿ ಇರುತ್ತದೆ, ಭಾರತೀಯ ಸಿಪಾಯಿಗಳು 'ಐ.ಓ.ಆರ್. 3' (ಇಂಡಿಯನ್ ಅದರ್ ರ‍್ಯಾಂಕ್ಸ್, ಭಾರತೀಯ ಸಿಪಾಯಿಗಳು ಮೂವರು) ಎಂದು ಬರೀ ಅಂಕಿಯಾಗಿರುತ್ತಾರೆ. ಆ ಮೂವರು ಯಾರು ಎಂದು ಮೇಲೆ ಹೇಳಿದ ಸಮಾಧಿ ಆಯೋಗದ ಪಟ್ಟಿಯ ಜೊತೆ ತಾಳೆ ಹಾಕಿ ಹೆಸರು ಹಚ್ಚುವುದಕ್ಕಿಂತ ದೊಡ್ಡ ಕೆಲಸ ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲ.

ಕೈಬರಹ ಓದಲು ಟ್ರಾನ್ಸ್‌ಕ್ರಿಬಸ್‌ನಂಥ ತಂತ್ರಾಂಶ ನೆರವಾಗುತ್ತದೆ. ಕರಡು ತೆಗೆಯಲು ಬಳಸಿ. ಅದು ಎಡವುವುದು ಅಂಕಿಗಳಲ್ಲಿ: 1 ಮತ್ತು 7, 3 ಮತ್ತು 8 ಅದಲುಬದಲಾಗುತ್ತವೆ, ಇಸವಿಯ ಬದಲು ಗಂಟೆ ಕೂರುತ್ತದೆ. ಆದ್ದರಿಂದ ಪದಗಳನ್ನು ಒಮ್ಮೆ ನೋಡಿದರೂ ಸಾಕು, ಅಂಕಿಗಳನ್ನು ಮೂಲದ ಎದುರಿಟ್ಟು ಎರಡು ಸಲ ನೋಡಿ. ಚಾಟ್‌ಬಾಟ್‌ಗಳನ್ನು 'ಈ ಯುದ್ಧದಲ್ಲಿ ಏನಾಯಿತು' ಎಂದು ಕೇಳಬೇಡಿ. ಕಡತದ ಸಂಖ್ಯೆ, ಪುಟ ಸಮೇತ ಇಲ್ಲದ ಆಧಾರವನ್ನು ಸೃಷ್ಟಿಸಿ ಕೊಡುತ್ತವೆ. ನೀವೇ ಕಣ್ಣಾರೆ ತೆರೆದು ನೋಡದ ಯಾವುದನ್ನೂ ಅಡಿಟಿಪ್ಪಣಿಗೆ ಹಾಕದಿರುವುದೇ ಕ್ಷೇಮ.

ಹಿರಿಯ ಸೈನಿಕರ ಜೊತೆ ಮಾತು

1971ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಎಪ್ಪತ್ತೈದರ ಆಸುಪಾಸು. ಪತ್ರಾಗಾರ ಕಾಯುತ್ತದೆ, ಇವರು ಕಾಯುವುದಿಲ್ಲ. ಮೊದಲು ಇವರ ಬಳಿ ಹೋಗಿ.

ಮೊದಲ ಭೇಟಿಗೆ ರೆಕಾರ್ಡರ್ ಬೇಡ. ಕಾಫಿ ಕುಡಿದು, ಪದಕ ನೋಡಿ, ಒಪ್ಪಿಗೆ ಪತ್ರ ಓದಿ ಹೇಳಿ ಬನ್ನಿ. ಒಪ್ಪಿಗೆ ಪತ್ರ ಕನ್ನಡದಲ್ಲಿ ಒಂದೇ ಪುಟವಿರಲಿ: ಧ್ವನಿಯನ್ನು ಎಲ್ಲಿ ಬಳಸುತ್ತೀರಿ, ಹೆಸರು ಹಾಕಬಹುದೇ, ಯಾವ ಭಾಗ ಬಿಡಬೇಕು, ಅವರ ನಂತರ ಯಾರನ್ನು ಕೇಳಬೇಕು. ಎರಡನೇ ಭೇಟಿಗೆ ನಕ್ಷೆ, ಆ ಕಾಲದ ಫೋಟೊ ಒಯ್ಯಿರಿ. ಧ್ವನಿಯನ್ನು ವೇವ್ ರೂಪದಲ್ಲಿ, 48 ಕಿಲೋಹರ್ಟ್ಜ್, 24 ಬಿಟ್‌ನಲ್ಲಿ ಹಿಡಿಯಿರಿ. ಫ್ಯಾನ್ ಆರಿಸಿ, ಮೈಕು ಬಾಯಿಯಿಂದ ಒಂದು ಗೇಣು ದೂರ ಇರಲಿ. ಎಂಬತ್ತು, ತೊಂಬತ್ತು ನಿಮಿಷಕ್ಕೆ ನಿಲ್ಲಿಸಿ.

ಪ್ರಶ್ನೆ ಕೇಳುವ ರೀತಿಯ ಮೇಲೆ ಎಲ್ಲ ನಿಂತಿದೆ. 'ಯುದ್ಧ ಹೇಗಿತ್ತು?' ಎಂದರೆ ಅವರು ನೂರು ಸಲ ಶಾಲೆಯ ಧ್ವಜಾರೋಹಣದಲ್ಲಿ ಹೇಳಿದ ಭಾಷಣವೇ ಬರುತ್ತದೆ. ಹೀಗೆ ಕೇಳಿ ನೋಡಿ:

'ಸುಬೇದಾರ್ ಸಾಹೇಬ್ರೇ, ಅವತ್ತು ಬೆನ್ನ ಮೇಲೆ ಏನೇನು ಹೊತ್ಕೊಂಡಿದ್ರಿ?'

'ರೈಫಲ್ಲು, ಗುಂಡು, ನೀರಿನ ಬಾಟ್ಲಿ, ಒಂದು ಕಂಬಳಿ, ಆಮೇಲೆ ಸಲಿಕೆ. ಸಲಿಕೆ ಇಲ್ದೆ ಹೋದ್ರೆ ಬೆಳಗಾಗೋದ್ರೊಳಗೆ ಸತ್ತ ಹಾಗೇ.'

'ನೀವು ತೋಡಿದ ಗುಂಡಿಯಿಂದ ಎದುರಿಗೆ ಏನು ಕಾಣ್ತಿತ್ತು?'

'ಕಬ್ಬಿನ ಗದ್ದೆ. ಅದರಾಚೆ ಏನೂ ಕಾಣ್ತಿರ್ಲಿಲ್ಲ, ಬರೀ ಟ್ಯಾಂಕಿನ ಶಬ್ದ.'

ಕಬ್ಬಿನ ಗದ್ದೆಯಾಚೆಗಿನದು ಕಾಣುತ್ತಿರಲಿಲ್ಲ ಎಂದ ಮೇಲೆ, ಅರ್ಧ ಗಂಟೆಯ ನಂತರ ಅವರು ಎದುರಾಳಿಯ ಹನ್ನೆರಡು ಟ್ಯಾಂಕುಗಳನ್ನು ಎಣಿಸಿದೆ ಎಂದರೆ ಅದು ಆಮೇಲೆ ಕೇಳಿದ್ದು ಎಂದು ನಿಮಗೆ ಗೊತ್ತಾಗುತ್ತದೆ. ಅದನ್ನು ಅವರ ಮುಖಕ್ಕೆ ಹೇಳಬೇಕಿಲ್ಲ. ನಿಮ್ಮ ಟಿಪ್ಪಣಿಯಲ್ಲಿ 'ಕಂಡದ್ದು', 'ಕೇಳಿದ್ದು' ಎಂದು ಬೇರೆ ಮಾಡಿ. ಎರಡು ಯುದ್ಧ ಕಂಡವರಲ್ಲಿ 1965 ಮತ್ತು 1971 ಬೆರೆತುಹೋಗುವುದು ಸಾಮಾನ್ಯ. ಆಗ ಇಸವಿ ಕೇಳಬೇಡಿ. ಮದುವೆಯಾಗಿತ್ತಾ, ಮೊದಲ ಮಗು ಹುಟ್ಟಿತ್ತಾ, ಆಗ ನಾಯಕ್ ಆಗಿದ್ರೋ ಹವಾಲ್ದಾರೋ ಎಂದು ಕೇಳಿ. ಹುದ್ದೆ ಮತ್ತು ಮಕ್ಕಳ ವಯಸ್ಸು ಸುಳ್ಳು ಹೇಳುವುದಿಲ್ಲ.

ಎಲ್ಲಕ್ಕೂ ಒಂದೇ ಕೋಷ್ಟಕ

ಬರವಣಿಗೆಗೆ ಮೊದಲು ಒಂದು ಸ್ಪ್ರೆಡ್‌ಶೀಟ್ ಮಾಡಿ. ಅಂಕಣಗಳು: ದಿನಾಂಕ, ಗಂಟೆ, ಆ ಗಂಟೆ ಯಾವ ದೇಶದ್ದು, ಸ್ಥಳ ಮೂಲದಲ್ಲಿರುವ ಹಾಗೆ, ಸ್ಥಳದ ಈಗಿನ ಹೆಸರು, ಯೂನಿಟ್ಟು, ಸಂಗತಿ, ಆಧಾರ ಮತ್ತು ಪುಟ, ಆಧಾರದ ಬಗೆ. ಕೊನೆಯದಕ್ಕೆ ನಾಲ್ಕೇ ಗುರುತು ಸಾಕು: ಅ ಅಂದರೆ ಅದೇ ದಿನ ಬರೆದದ್ದು, ಆ ಅಂದರೆ ಕಣ್ಣಾರೆ ಕಂಡವರ ನಂತರದ ನೆನಪು, ಇ ಅಂದರೆ ಕೇಳಿ ಬರೆದದ್ದು, ಈ ಅಂದರೆ ಪತ್ರಿಕಾ ವರದಿ.

ಗಂಟೆಯ ಅಂಕಣ ಅತಿಯಾಯಿತು ಎನಿಸಬಹುದು. 1965ರಲ್ಲಿ ಪಶ್ಚಿಮ ಪಾಕಿಸ್ತಾನದ ಗಡಿಯಾರ ನಮಗಿಂತ ಅರ್ಧ ಗಂಟೆ ಹಿಂದೆ, ಪೂರ್ವ ಪಾಕಿಸ್ತಾನದ್ದು ಅರ್ಧ ಗಂಟೆ ಮುಂದೆ. ಒಂದೇ ವಿಮಾನ ದಾಳಿ ಎರಡು ಕಡೆಯ ದಾಖಲೆಯಲ್ಲಿ ಎರಡು ದಾಳಿಯಂತೆ ಕಾಣುವುದಕ್ಕೆ ಇಷ್ಟು ಸಾಕು. ಕೋಷ್ಟಕದಲ್ಲಿ ಎಲ್ಲವನ್ನೂ ಭಾರತೀಯ ಕಾಲಮಾನಕ್ಕೆ ತಿರುಗಿಸಿ ಒಂದರ ಕೆಳಗೊಂದು ಇಟ್ಟರೆ ಮಂಜು ಕರಗಿದಂತೆ ಆಗುತ್ತದೆ.

ನಷ್ಟದ ಲೆಕ್ಕಕ್ಕೆ ಒಂದು ಕಟ್ಟುನಿಟ್ಟಿನ ನಿಯಮ: ನಮ್ಮ ನಷ್ಟಕ್ಕೆ ನಮ್ಮ ದಾಖಲೆ, ಅವರ ನಷ್ಟಕ್ಕೆ ಅವರ ದಾಖಲೆ. ಹೊಡೆದುರುಳಿಸಿದೆವು ಎಂಬ ಲೆಕ್ಕ ಎಲ್ಲ ದೇಶದಲ್ಲೂ ಉಬ್ಬಿರುತ್ತದೆ, ಸುಳ್ಳು ಹೇಳಬೇಕೆಂದಲ್ಲ. ಒಂದೇ ಟ್ಯಾಂಕಿಗೆ ಮೂವರು ಗುಂಡು ಹಾರಿಸಿ ಮೂವರೂ ತಮ್ಮದೆಂದು ಬರೆದಿರುತ್ತಾರೆ. ಸತ್ತವರು, ಗಾಯದಿಂದ ಆಮೇಲೆ ಸತ್ತವರು, ರೋಗದಿಂದ ಸತ್ತವರು, ಗಾಯಾಳುಗಳು, ಕಾಣೆಯಾದವರು, ಸೆರೆಸಿಕ್ಕವರು ಇವೆಲ್ಲ ಬೇರೆ ಬೇರೆ ಕಾಲಮ್ಮು. ಇವನ್ನೆಲ್ಲ ಕೂಡಿಸಿದ ಸಂಖ್ಯೆಯನ್ನು 'ಇಷ್ಟು ಜನ ಸತ್ತರು' ಎಂದು ಬರೆಯುವುದು ಕನ್ನಡ ಪುಸ್ತಕಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು. ಪ್ರಶಸ್ತಿ ಪತ್ರದ ಒಕ್ಕಣೆಯನ್ನೂ ಕಣ್ಣಾರೆ ಕಂಡ ಸಾಕ್ಷಿ ಎಂದು ಹಿಡಿಯಬೇಡಿ, ಅದು ಪ್ರಶಸ್ತಿ ಕೊಡಿಸಲು ಬರೆದದ್ದು. ಗೆಜೆಟ್ಟಿನ ದಿನಾಂಕ ಮತ್ತು ಹೆಸರಿಗೆ ಅದನ್ನು ನಂಬಬಹುದು.

ನಕ್ಷೆ

ನಕ್ಷೆಯಿಲ್ಲದ ಯುದ್ಧದ ಪುಸ್ತಕವನ್ನು ಓದುಗ ಮೂವತ್ತನೇ ಪುಟಕ್ಕೆ ಕೆಳಗಿಡುತ್ತಾನೆ. ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶ ಸಾಕು. ಅಮೆರಿಕನ್ ಸೇನೆಯ ಹಳೆಯ 1:2,50,000 ಪ್ರಮಾಣದ ಭಾರತದ ನಕ್ಷೆಗಳು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ತಾಣದಲ್ಲಿವೆ. 1:50,000ದ ಓಪನ್ ಸೀರೀಸ್ ನಕ್ಷೆಗಳನ್ನು ಸರ್ವೆ ಆಫ್ ಇಂಡಿಯಾದಿಂದ ಪಡೆಯಬಹುದು. ಹಳೆಯ ನಕ್ಷೆಯನ್ನು ಇಂದಿನ ನೆಲಕ್ಕೆ ಕೂರಿಸುವಾಗ ಆರೆಂಟು ಬಿಂದುಗಳನ್ನು ಹಿಡಿಯಿರಿ. ದೇವಸ್ಥಾನ, ರೈಲ್ವೆ ಸೇತುವೆ, ರಸ್ತೆ ಕೂಡುವ ಜಾಗ ಒಳ್ಳೆಯವು. ನದಿಯ ತಿರುವನ್ನು ಹಿಡಿದರೆ ಕೆಟ್ಟಿರಿ; ಪಂಜಾಬಿನ, ಬಂಗಾಳದ ನದಿಗಳು ಐವತ್ತು ವರ್ಷ ಒಂದೇ ಕಡೆ ಹರಿಯುವುದಿಲ್ಲ.

ನಕ್ಷೆಯ ಚೌಕಗಳ ಮೇಲೆ ಜಾಗ ಗುರುತಿಸುವ ಆರಂಕಿಯ ಗ್ರಿಡ್ ಸಂಖ್ಯೆ ಕಡತದಲ್ಲಿ ಸಿಕ್ಕ ಕೂಡಲೇ ಕಂಪ್ಯೂಟರಿಗೆ ತುಂಬಬೇಡಿ. ಭಾರತದ ಹಳೆಯ ಸೇನಾ ನಕ್ಷೆಗಳ ಚೌಕಗಳು ಗಜದ ಲೆಕ್ಕದವು, ಈಗಿನವು ಮೀಟರಿನವು. ಗೊತ್ತಿಲ್ಲದೆ ತುಂಬಿದರೆ ನಿಮ್ಮ ಬೆಟಾಲಿಯನ್ ಕಿಲೋಮೀಟರುಗಟ್ಟಲೆ ಆಚೆ, ಕೆಲವೊಮ್ಮೆ ಗಡಿಯ ಆ ಬದಿಗೇ ಹೋಗಿ ನಿಲ್ಲುತ್ತದೆ. ಗಡಿ ಎಂದ ಮೇಲೆ ಇನ್ನೊಂದು: ಸರ್ವೆ ಆಫ್ ಇಂಡಿಯಾದ ನಕ್ಷೆಗೆ ಹೊಂದದ ಭಾರತದ ನಕ್ಷೆ ಅಚ್ಚು ಹಾಕಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ವಿದೇಶಿ ನಕ್ಷೆಯನ್ನು ಹಾಗೆಯೇ ಎತ್ತಿ ಹಾಕುವವರು ಜಮ್ಮು ಕಾಶ್ಮೀರದಲ್ಲೇ ಸಿಕ್ಕಿಬೀಳುತ್ತಾರೆ. ಕದನದ ನಕ್ಷೆಗೆ ಇಡೀ ದೇಶ ಬೇಕಾಗುವುದೂ ಇಲ್ಲ. ಹತ್ತಿಪ್ಪತ್ತು ಕಿಲೋಮೀಟರಿನ ಚೌಕ ಸಾಕು, ಜೊತೆಗೆ ಉತ್ತರ ದಿಕ್ಕು, ಅಳತೆಪಟ್ಟಿ, ದಿನಾಂಕ ಮತ್ತು ಗಂಟೆ. ಪಠ್ಯದಲ್ಲಿ ಬರುವ ಪ್ರತಿ ಊರೂ ನಕ್ಷೆಯಲ್ಲಿರಬೇಕು, ನಕ್ಷೆಯಲ್ಲಿ ಪಠ್ಯಕ್ಕೆ ಬೇಡದ ಊರು ಇರಬಾರದು.

ಬರೆಯುವಾಗ

ಪತ್ರಿಕೆಗಳು ಎಲ್ಲದಕ್ಕೂ 'ತುಕಡಿ' ಎನ್ನುತ್ತವೆ. ನಿಮಗೆ ಆ ಸೌಲಭ್ಯವಿಲ್ಲ. ಹತ್ತು ಜನರ ಸೆಕ್ಷನ್ನು, ಮೂವತ್ತು ಚಿಲ್ಲರೆ ಜನರ ಪ್ಲಟೂನು, ನೂರಿಪ್ಪತ್ತರ ಆಸುಪಾಸಿನ ಕಂಪನಿ, ಎಂಟುನೂರರಷ್ಟಿರುವ ಬೆಟಾಲಿಯನ್, ಮೂರು ಬೆಟಾಲಿಯನ್ನಿನ ಬ್ರಿಗೇಡು, ಇವನ್ನು ಪುಸ್ತಕದ ಶುರುವಲ್ಲೇ ಒಂದು ಪುಟದಲ್ಲಿ ಹೇಳಿ, ಆಮೇಲೆ ಕೊನೆಯವರೆಗೂ ಅದೇ ಪದ ಬಳಸಿ. ಹುದ್ದೆಗಳನ್ನು ಆ ಕಾಲಕ್ಕೆ ತಕ್ಕಂತೆ ಬರೆಯಿರಿ. 1965ಕ್ಕೆ ಮೊದಲು ಇದ್ದದ್ದು ಜಮಾದಾರ್, ನಾಯಬ್ ಸುಬೇದಾರ್ ಬಂದದ್ದು ಆಮೇಲೆ. ಕುದುರೆ ಪಡೆಯಲ್ಲಿ ಸಿಪಾಯಿಯ ಬದಲು ಸವಾರ, ಹವಾಲ್ದಾರನ ಬದಲು ದಫೇದಾರ, ಸುಬೇದಾರನ ಬದಲು ರಿಸಾಲ್ದಾರ.

ಯಾರ ಮನಸ್ಸಿನಲ್ಲಿ ಏನಿತ್ತು ಎಂದು ಬರೆಯಬೇಡಿ, ಅವರೇ ಪತ್ರದಲ್ಲಿ ಬರೆದಿದ್ದರೆ ಹೊರತು. 'ತಾಯ್ನಾಡಿಗಾಗಿ ಪ್ರಾಣ ಕೊಡುವ ಸಂಕಲ್ಪದಿಂದ ಆತ ಮುನ್ನುಗ್ಗಿದ' ಎಂಬ ವಾಕ್ಯಕ್ಕೆ ಯಾವ ಕಡತದಲ್ಲೂ ಪುಟಸಂಖ್ಯೆ ಸಿಗುವುದಿಲ್ಲ. ಸೋಲು, ಗೊಂದಲ, ನಮ್ಮವರದೇ ಗುಂಡಿಗೆ ನಮ್ಮವರು ಬಿದ್ದದ್ದು ಸಿಕ್ಕರೆ ಮುಚ್ಚಿಡಬೇಡಿ; ಆದರೆ ಮನೆಯವರು ಪುಸ್ತಕದಲ್ಲಿ ಓದಿ ತಿಳಿಯುವಂತೆಯೂ ಮಾಡಬೇಡಿ, ಮೊದಲೇ ಹೋಗಿ ಹೇಳಿ.

ಕೈ ಸುಟ್ಟುಕೊಳ್ಳುವ ಜಾಗಗಳು

ಸೇವೆಯಲ್ಲಿರುವ ಸೈನಿಕರು ಮೇಲಧಿಕಾರಿಗಳ ಅನುಮತಿಯಿಲ್ಲದೆ ಪ್ರಕಟಿಸುವಂತಿಲ್ಲ, ಇದು 1954ರ ಸೇನಾ ನಿಯಮಗಳಲ್ಲೇ ಇದೆ. ಗುಪ್ತಚರ ಮತ್ತು ಭದ್ರತಾ ಸಂಸ್ಥೆಗಳಿಂದ ನಿವೃತ್ತರಾದವರಿಗೂ 2021ರ ಪಿಂಚಣಿ ನಿಯಮ ತಿದ್ದುಪಡಿಯ ಪ್ರಕಾರ ಪೂರ್ವಾನುಮತಿ ಬೇಕು. ಅಂಥವರು ಮಾತಿನ ಭರದಲ್ಲಿ ಹೇಳಿದ್ದನ್ನು ನೀವು ಅಚ್ಚು ಹಾಕಿದರೆ ತೊಂದರೆ ಅವರಿಗೆ. 1923ರ ಅಧಿಕೃತ ರಹಸ್ಯ ಕಾಯ್ದೆ ಪ್ರಕಾಶಕರನ್ನೂ ಹಿಡಿಯುತ್ತದೆ. ಇವತ್ತು ಬಳಕೆಯಲ್ಲಿರುವ ಠಾಣೆ, ಉಪಕರಣ, ಪಡೆಯ ನೆಲೆಯ ವಿವರ ಇತಿಹಾಸವಲ್ಲ, ಬಿಟ್ಟುಬಿಡಿ.

ಪತ್ರದ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಕಾಗದ ಯಾರ ಕೈಯಲ್ಲಿದೆಯೋ ಅವರದಲ್ಲ ಹಕ್ಕುಸ್ವಾಮ್ಯ, ಬರೆದವರದು, ಅವರ ನಂತರ ವಾರಸುದಾರರದು. ಬರೆದವರು ತೀರಿಕೊಂಡು 60 ವರ್ಷವಾಗುವ ತನಕ ಅನುಮತಿ ಬೇಕೆಂದೇ ನಡೆಯಿರಿ. ತೀರಿಕೊಂಡ ಮೇಲೆ ಮೊದಲ ಸಲ ಪ್ರಕಟವಾದ ಪತ್ರವಾದರೆ ಆ 60 ವರ್ಷ ಪ್ರಕಟಣೆಯಿಂದ ಎಣಿಕೆ. ಗೂಗಲ್‌ನಲ್ಲಿ ಸಿಕ್ಕ ಯುದ್ಧದ ಫೋಟೊ ಹಾಕುವ ಮುನ್ನ ಅದರ ಮೂಲ ಸಂಗ್ರಹ ಹುಡುಕಿ, ಅಲ್ಲಿನ ಷರತ್ತು ಓದಿ.

ಅಚ್ಚು

ಅರವತ್ತು ಸಾವಿರ ಪದದ ಹಸ್ತಪ್ರತಿ ಡೆಮಿ 1/8 ಅಳತೆಯಲ್ಲಿ, ಪುಟಕ್ಕೆ ಸುಮಾರು 240 ಪದದಂತೆ 250 ಪುಟ. ನಕ್ಷೆ, ಟಿಪ್ಪಣಿ, ಸೂಚಿ ಸೇರಿ 288ಕ್ಕೆ ನಿಲ್ಲಿಸಿ: ಹದಿನಾರು ಪುಟದ ಹದಿನೆಂಟು ಫಾರ್ಮು (ಒಂದೇ ಹಾಳೆಯಲ್ಲಿ ಅಚ್ಚಾಗಿ ಮಡಚುವ ಪುಟಗಳ ಕಟ್ಟು). 290 ಆದರೆ ಎರಡು ಪುಟಕ್ಕಾಗಿ ಇನ್ನೊಂದು ಫಾರ್ಮಿನ ಖರ್ಚು. ಒಳಗೆ 70 ಜಿಎಸ್‌ಎಂ ಮ್ಯಾಪ್‌ಲಿಥೊ, ಮುಖಪುಟಕ್ಕೆ 300 ಜಿಎಸ್‌ಎಂ ಆರ್ಟ್ ಕಾರ್ಡ್, ಫೋಟೊಗಳನ್ನು ನಡುವೆ ಹದಿನಾರು ಪುಟ ಆರ್ಟ್ ಪೇಪರಿನಲ್ಲಿ. ಬರೀ ಅಂಟು ಹಾಕಿಸದೆ ಫಾರ್ಮು ಹೊಲಿಸಿ. ಈ ಬಗೆಯ ಪುಸ್ತಕವನ್ನು ಜನ ನಕ್ಷೆಗೂ ಪಠ್ಯಕ್ಕೂ ಹಿಂದೆ ಮುಂದೆ ತಿರುವುತ್ತಲೇ ಇರುತ್ತಾರೆ. ಐನೂರಕ್ಕಿಂತ ಕಡಿಮೆ ಪ್ರತಿಯಾದರೆ ಡಿಜಿಟಲ್, ಮೇಲಾದರೆ ಆಫ್‌ಸೆಟ್ ಲೆಕ್ಕ ಹಾಕಿಸಿ. ಪುಸ್ತಕದಂಗಡಿಗೆ ಶೇ. 35–40 ರಿಯಾಯಿತಿ ಬಿಡಬೇಕಾಗುವುದರಿಂದ ತಯಾರಿ ವೆಚ್ಚದ ಮೂರು ಪಟ್ಟಿಗಿಂತ ಕಡಿಮೆ ಬೆಲೆ ಇಡಬೇಡಿ.

ಪಠ್ಯವನ್ನು ಮೊದಲಿಂದಲೂ ಯೂನಿಕೋಡಿನಲ್ಲೇ ಬರೆಯಿರಿ. ಹಳೆಯ ನುಡಿ ಫಾಂಟಿನಲ್ಲಿ ಮಾಡಿಸಿದ ಪುಟವನ್ನು ಆಮೇಲೆ ಇ-ಪುಸ್ತಕಕ್ಕೆ ಪರಿವರ್ತಿಸಿದರೆ ಅರ್ಕಾವತ್ತು, ಒತ್ತಕ್ಷರಗಳು ಚದುರುತ್ತವೆ; 'ಕಾರ್ಯಾಚರಣೆ' ಎಂದು ಹುಡುಕಿದರೆ ಅರ್ಧ ಸಿಗುತ್ತದೆ, ಅರ್ಧ ಸಿಗುವುದಿಲ್ಲ. 'ಬೆಟಾಲಿಯನ್‌ಗೆ' ಎಂಬಲ್ಲಿ ನ್ ಆದಮೇಲೆ ಅಕ್ಷರಗಳನ್ನು ಬೇರೆಯಾಗಿಡುವ ಕಾಣದ ಚಿಹ್ನೆ (ZWNJ) ಹಾಕದಿದ್ದರೆ 'ಬೆಟಾಲಿಯನ್ಗೆ' ಎಂದು ಗಂಟು ಬೀಳುತ್ತದೆ. ಇನ್‌ಡಿಸೈನ್ ಬಳಸುವವರು ವರ್ಲ್ಡ್-ರೆಡಿ ಕಂಪೋಸರ್ ಆರಿಸಿಕೊಳ್ಳದಿದ್ದರೆ ಒತ್ತುಗಳು ಪಕ್ಕಕ್ಕೆ ಜಾರುತ್ತವೆ. ವ್ಯಕ್ತಿ, ಸ್ಥಳ, ಯೂನಿಟ್ಟುಗಳ ಸೂಚಿಯನ್ನು ಪುಟಸಂಖ್ಯೆ ಅಲುಗದಂತಾದ ಮೇಲೆಯೇ ಮಾಡಿ. ಆದರೆ ಮಾಡಿ. ಸೂಚಿಯಿಲ್ಲದ ಸೇನಾ ಇತಿಹಾಸದಲ್ಲಿ ತಮ್ಮ ಅಜ್ಜನ ಹೆಸರು ಹುಡುಕುವ ಮೊಮ್ಮಕ್ಕಳು ಏನು ಮಾಡಬೇಕು?

ಐಎಸ್‌ಬಿಎನ್ ಭಾರತದಲ್ಲಿ ಉಚಿತ, ರಾಜಾ ರಾಮಮೋಹನ್ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆಯ ಜಾಲತಾಣದಲ್ಲಿ ಅರ್ಜಿ. ದುಡ್ಡು ಕೇಳುವ ದಲ್ಲಾಳಿಗಳ ಹತ್ತಿರ ಹೋಗಬೇಡಿ, ಅಚ್ಚಿಗೆ ಎರಡು ಮೂರು ತಿಂಗಳು ಮೊದಲೇ ಹಾಕಿ. ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸುವುದು 1954ರ ಕಾಯ್ದೆಯ ಪ್ರಕಾರ ಕಡ್ಡಾಯ. ಬೆಂಗಳೂರಿನ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಆ ವರ್ಷವೇ ನೋಂದಾಯಿಸಿ, ಸಗಟು ಖರೀದಿಗೆ ಅರ್ಜಿ ಹಾಕುವಾಗ ಆ ಕಾಗದ ಬೇಕಾಗುತ್ತದೆ. ಓದುಗರಿಗೆ ಕಳಿಸಲು 2025ರ ಮೇ ತಿಂಗಳಲ್ಲಿ ಶುರುವಾದ ಅಂಚೆ ಇಲಾಖೆಯ ಜ್ಞಾನ ಪೋಸ್ಟ್ ಅಗ್ಗ.

ಪುಸ್ತಕದಾಚೆಗೆ

ಪುಸ್ತಕಕ್ಕೆ ಹಿಡಿಸಿದ್ದು ನೀವು ಕಲೆಹಾಕಿದ್ದರಲ್ಲಿ ಹತ್ತರಲ್ಲೊಂದು. ಉಳಿದದ್ದು ನಿಮ್ಮ ಲ್ಯಾಪ್‌ಟಾಪಿನ ಜೊತೆ ಸಾಯಬಾರದು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ. ಕೋಷ್ಟಕ, ಹೆಸರುಗಳ ಪಟ್ಟಿ, ಒಪ್ಪಿಗೆ ಇರುವ ಧ್ವನಿಮುದ್ರಿಕೆಗಳನ್ನು ಸಂಶೋಧನೆಯ ಫೈಲುಗಳನ್ನು ಕಾಪಿಡುವ ಜೆನೋಡೊ ತಾಣಕ್ಕೆ ಅಥವಾ ಇಂಟರ್ನೆಟ್ ಆರ್ಕೈವ್‌ಗೆ ಏರಿಸಿ. ಜೆನೋಡೊ ಉಚಿತವಾಗಿ ಡಿಓಐ ಎಂಬ ಕಾಯಂ ಸಂಖ್ಯೆ ಕೊಡುತ್ತದೆ, ಅದನ್ನು ಪುಸ್ತಕದ ಟಿಪ್ಪಣಿಯಲ್ಲಿ ನಮೂದಿಸಬಹುದು. ಇತ್ತೀಚಿನ ಸಂಘರ್ಷಗಳ ಮೇಲೆ ಕೆಲಸ ಮಾಡುವವರಿಗೆ ಇದು ಇನ್ನೂ ಮುಖ್ಯ. ವಾಟ್ಸ್ಯಾಪಿನಲ್ಲಿ ಬಂದ ಚಿತ್ರದಲ್ಲಿ ತೆಗೆದ ದಿನ, ಜಾಗದ ಮಾಹಿತಿ ಅಳಿಸಿಹೋಗಿರುತ್ತದೆ, ಆದ್ದರಿಂದ ತೆಗೆದವರಿಂದಲೇ ಮೂಲ ಫೈಲು ಕೇಳಿ ಪಡೆಯಿರಿ. ಜಾಲತಾಣದ ವಿಡಿಯೊ ಆದರೆ ಸಿಕ್ಕ ದಿನವೇ ಇಳಿಸಿ, ಕೊಂಡಿ ಮತ್ತು ದಿನಾಂಕ ಬರೆದು, ಫೈಲಿನ ಬೆರಳಚ್ಚಿನಂತಿರುವ ಶಾ-256 ಮೊತ್ತ ತೆಗೆದಿಡಿ. ನಾಳೆ 'ಇದು ತಿರುಚಿದ್ದು' ಎಂಬ ಮಾತು ಬಂದರೆ, ನಿಮ್ಮ ಕೈಗೆ ಸಿಕ್ಕ ಮೇಲೆ ಫೈಲು ಬದಲಾಗಿಲ್ಲ ಎಂದು ತೋರಿಸಲು ಅದು ಬೇಕು.

ತಪ್ಪೋಲೆಗೆ ಒಂದು ಇಮೇಲ್ ವಿಳಾಸವನ್ನು ಪುಸ್ತಕದ ಕೊನೆಯ ಪುಟದಲ್ಲಿ ಅಚ್ಚು ಹಾಕಿ. ಮೊದಲ ಮೂರು ತಿಂಗಳಲ್ಲಿ ಬರುವ ಪತ್ರಗಳಲ್ಲಿ ಅರ್ಧ 'ನಮ್ಮ ದೊಡ್ಡಪ್ಪನ ಹೆಸರು ಬಿಟ್ಟಿದ್ದೀರಿ' ಎಂಬವೇ ಆಗಿರುತ್ತವೆ. ಪ್ರತಿಯೊಂದಕ್ಕೂ ಉತ್ತರ ಬರೆದು, ಡಿಸ್ಚಾರ್ಜ್ ಬುಕ್ಕಿನ ಫೋಟೊ ಕಳಿಸಲು ಹೇಳಿ, ಹೆಸರನ್ನು ಕೋಷ್ಟಕಕ್ಕೆ ಸೇರಿಸಿ, ಜೆನೋಡೊದಲ್ಲಿ ಹೊಸ ಆವೃತ್ತಿ ಏರಿಸಿ. ಎರಡನೇ ಮುದ್ರಣಕ್ಕೆ ಪ್ರೆಸ್ಸಿಗೆ ಹೋಗುವುದು ಆ ಫೈಲಿನಿಂದಲೇ.